ಹೊಗೆಯಿಲ್ಲದ ಕೆಂಡ

ಬೀಚನಹಳ್ಳಿಯಿಂದ ಕಟ್ಟೆಮಳಲವಾಡಿಗೆ ಹೊರಟ ಸಣ್ಣತಾಯಮ್ಮನ ಚೀಲದಲ್ಲಿ ಕೊಬ್ಬರಿ, ಬೆಲ್ಲ, ಮಗುವಿಗೊಂದು ಕುಲಾವಿ ಇದ್ದವು. ಎಲ್ಲದರ ಅಡಿಯಲ್ಲಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಅಂಗೈಯಗಲದ ಬಿಳಿ ಪೆಟ್ಟಿಗೆಯೊಂದಿತ್ತು. ಕೊಬ್ಬರಿ ಬೆಲ್ಲ ಬಾಣಂತಿ ಸವಿತಾಳಿಗೆ. ಪೆಟ್ಟಿಗೆ ಅವಳ ತಾಯಿ ಪುಟ್ಟಮಲ್ಲಮ್ಮನಿಗೆ. ಬೀಗಿತಿಗೆ ಮಾಡಬೇಕಾದ ಮರ್ಯಾದೆಯೊಂದು ಮೂರು ವರ್ಷದಿಂದ ಉಳಿದುಬಿಟ್ಟಿತ್ತು. ಇವತ್ತು ಅದನ್ನು ಮಾಡಿಯೇ ಬರುತ್ತೇನೆಂದು ಸಣ್ಣತಾಯಮ್ಮ ಸತ್ತ ಮಗಳ ಫೋಟೋದ ಮುಂದೆ ಹೇಳಿ ಬಂದಿದ್ದಳು.

ಆ ಮಗಳು ಇಂದ್ರಾಣಿ, ಪುಟ್ಟಮಲ್ಲಮ್ಮನ ಮಗ ನಾಗರಾಜುವಿನ ಹೆಂಡತಿಯಾಗಿದ್ದವಳು. ಚೊಚ್ಚಲ ಬಾಣಂತನ ತವರಿನಲ್ಲಾಗುವುದು ಲೋಕರೂಢಿ. ಆದರೆ ಪುಟ್ಟಮಲ್ಲಮ್ಮ, ನಿಮ್ಮದು ಕಾಡಂಚಿನ ಮನೆ, ಆನೆ ಕಾಟ, ಆಸ್ಪತ್ರೆ ದೂರ ಎಂದೆಲ್ಲ ನೆಪ ಹೇಳಿ ಸೊಸೆಯನ್ನು ತನ್ನಲ್ಲೇ ಉಳಿಸಿಕೊಂಡಳು. ಅವರದು ಹೊಗೆಸೊಪ್ಪು ಬೆಳೆಯುವ ಮನೆ. ಸೊಪ್ಪು ತೂಗುಹಾಕಿ ಬೇಯಿಸುವ ಬ್ಯಾರನ್ ಎಂಬ ಗೂಡುಮನೆಯ ಒಲೆಯಿಂದ ನಿಗಿನಿಗಿ ಕೆಂಡ ತೋಡಿ ತಂದು, ಬಾಣಂತಿಯ ಮಂಚದಡಿ ಇಟ್ಟು, ಕಿಟಕಿ ಸಂದಿಗೆ ಗೋಣಿತಾಟು ತುರುಕಿ, ಬಾಗಿಲು ಹಾಕಿ ಬೆವರಿಳಿಸುವುದು ಆ ಮನೆಯ ಪದ್ಧತಿ. ಒಂದು ಬೆಳಿಗ್ಗೆ ಆ ಬಾಗಿಲು ತೆಗೆದಾಗ ಇಂದ್ರಾಣಿಯೂ ಮಗ್ಗುಲಲ್ಲಿದ್ದ ಕೂಸೂ ತಣ್ಣಗಾಗಿದ್ದರು.

ಸಾವು ಯಾರ ಮನೆ ಬಾಗಿಲು ಬಿಟ್ಟಿದೆ? ಅಷ್ಟಕ್ಕೇ ಮುಗಿದಿದ್ದರೆ ಸಣ್ಣತಾಯಮ್ಮ ಹಣೆಬರಹ ಎಂದು ಅತ್ತು ಸುಮ್ಮನಾಗುತ್ತಿದ್ದಳೇನೋ. ಆದರೆ ನಾಲಿಗೆಗೆ ಎಲುಬಿಲ್ಲ ನೋಡಿ. ಗುಂಡಿಯ ಮಣ್ಣು ಆರುವ ಮೊದಲೇ ಪುಟ್ಟಮಲ್ಲಮ್ಮ ಊರಿಗೆಲ್ಲ ಸಾರಿಬಿಟ್ಟಳು: ಹುಡುಗಿಗೆ ಮೂರ್ಛೆ ರೋಗವಿತ್ತು, ತವರಿನವರು ಮುಚ್ಚಿಟ್ಟು ನಮ್ಮ ಕೊರಳಿಗೆ ಕಟ್ಟಿದರು, ಮೂರ್ಛೆ ಬಂದು ಕೂಸಿನ ಮೇಲೆ ಹೊರಳಿ ಅದನ್ನೂ ಕೊಂದಳು. ಸತ್ತವರಿಗೆ ಬಾಯಿಲ್ಲವಲ್ಲ, ಇಂದ್ರಾಣಿ ಹೆತ್ತ ಕೂಸನ್ನು ಕೊಂದವಳಾದಳು. ಇಂದ್ರಾಣಿಯ ತಂಗಿಯನ್ನು ಒಪ್ಪಿಕೊಂಡಿದ್ದ ಪಿರಿಯಾಪಟ್ಟಣದ ಗಂಡಿನವರು, ಆ ರೋಗ ವಂಶದಲ್ಲೇ ಬರುತ್ತದಂತೆ ಎಂದು ಮಾತು ಮುರಿದರು. ಸಣ್ಣತಾಯಮ್ಮ ಹೋದಲ್ಲೆಲ್ಲ ಹೆಂಗಸರು ಮಾತು ನಿಲ್ಲಿಸಿ ಅವಳ ಮುಖ ನೋಡುತ್ತಿದ್ದರು.

ಅವಳು ಕಬಿನಿ ಹಿನ್ನೀರಿನ ಒಂದು ರೆಸಾರ್ಟಿನಲ್ಲಿ ಕೋಣೆ ಗುಡಿಸುವವಳು. ಹೋದ ಚಳಿಗಾಲದಲ್ಲಿ ಯಾರೋ ಅತಿಥಿಗಳು ಮಾಂಸ ಸುಟ್ಟ ಇದ್ದಿಲೊಲೆಯನ್ನು ಚಳಿಗೆಂದು ಕೋಣೆಯೊಳಗೆ ಇಟ್ಟುಕೊಂಡಿದ್ದರು. ಗೋಡೆಯ ಮೇಲಿದ್ದ ಬಿಳಿ ಪೆಟ್ಟಿಗೆ ಇದ್ದಕ್ಕಿದ್ದಂತೆ ಕಿವಿ ಹರಿಯುವಂತೆ ಅರಚಿತು. ಮ್ಯಾನೇಜರ್ ಓಡಿಬಂದು ಎಲ್ಲರನ್ನೂ ಹೊರಗೆಳೆದ.

"ಒಗೆನೇ ಇರ್ನಿಲ್ವಲ್ಲ ಸಾ," ಎಂದಳು ಸಣ್ಣತಾಯಮ್ಮ.

"ಹೊಗೆ ಇದ್ರೆ ಜನ ಕೆಮ್ಮಿ ಎದ್ದು ಓಡ್ತಾರೆ ತಾಯಮ್ಮ. ಇದು ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡು. ಕಣ್ಣಿಗೂ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ, ಈ ಪೆಟ್ಟಿಗೆಗೆ ಮಾತ್ರ ಗೊತ್ತಾಗುತ್ತೆ. ಮೊದಲು ತಲೆನೋವು, ಆಮೇಲೆ ನಿದ್ದೆ. ಮಲಗಿದವರು ಮಲಗಿದಲ್ಲೇ ಹೋಗ್ತಾರೆ."

ಅವಳು ಪೊರಕೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತಳು. ತಲೆ ಸಿಡಿಯುತ್ತದೆ ಕಣವ್ವ ಎಂದು ಇಂದ್ರಾಣಿ ಕೊನೆಯ ಸಲ ಫೋನಿನಲ್ಲಿ ಹೇಳಿದ್ದು ನೆನಪಾಯಿತು. ಅಂದಿನಿಂದ ಅವಳೊಳಗಿನ ದುಃಖ ಎದ್ದುಹೋಗಿ ಆ ಜಾಗದಲ್ಲಿ ಸಿಟ್ಟು ಕೂತಿತು. ದುಃಖಕ್ಕಿಂತ ಸಿಟ್ಟೇ ವಾಸಿ, ಬೆಳಿಗ್ಗೆ ಎಬ್ಬಿಸಿ ಕೆಲಸಕ್ಕಾದರೂ ಕಳಿಸುತ್ತದೆ.

ಮ್ಯಾನೇಜರಿಗೆ ಹೇಳಿ ಅಂಥದ್ದೇ ಒಂದು ಪೆಟ್ಟಿಗೆ ತರಿಸಿಕೊಂಡಳು. ಮಲಗಿದವರ ತಲೆಯ ಮಟ್ಟಕ್ಕೆ ಹಾಕಬೇಕು, ಕೆಂಡದ ನೆತ್ತಿಗೆ ಹಾಕಬಾರದು, ಗುಂಡಿ ಒತ್ತಿ ಸದ್ದು ಬರುತ್ತದೋ ನೋಡಬೇಕು, ಹಸಿರು ದೀಪ ಮಿನುಗುತ್ತಿರಬೇಕು ಎಂದು ಕೇಳಿ ತಿಳಿದುಕೊಂಡಳು. ತನ್ನ ಬಚ್ಚಲಮನೆಯಲ್ಲಿ ಕೆಂಡದ ಬಾಂಡಲಿಯ ಜೊತೆ ಪೆಟ್ಟಿಗೆಯನ್ನಿಟ್ಟು, ಬಾಗಿಲು ಹಾಕಿ ಹೊರಗೆ ಕೂತು ಪರೀಕ್ಷೆಯನ್ನೂ ಮಾಡಿದಳು. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತಿಗೆ ಅದು ಅರಚಿತು. ಆ ಸದ್ದು ಕೇಳಿ ಅವಳಿಗೆ ಅಳು ಬರಲಿಲ್ಲ, ನಗು ಬಂತು. ಇನ್ನು ಬೇಕಾಗಿದ್ದದ್ದು ಸಮಯ ಒಂದೇ. ಸವಿತಾ ಹೆರಿಗೆಗೆ ತವರಿಗೆ ಬಂದಳು. ಅತ್ತಿಗೆಯ ಮೇಲೆ ಜೀವ ಇಟ್ಟುಕೊಂಡಿದ್ದ ಹುಡುಗಿ, ತೊಟ್ಟಿಲ ಶಾಸ್ತ್ರಕ್ಕೆ ಬನ್ನಿ ಅತ್ತೆ ಎಂದು ತಾನೇ ಫೋನು ಮಾಡಿದಳು.

ಶಾಸ್ತ್ರದ ದಿನ ಮನೆ ತುಂಬ ಹೆಂಗಸರು. ಇಷ್ಟು ಜನರೆದುರು ಕೊಬ್ಬರಿ ಬೆಲ್ಲ ತಂದವಳನ್ನು ಹೊರಗೆ ಕಳಿಸುವುದು ಹೇಗೆ? ಪುಟ್ಟಮಲ್ಲಮ್ಮ ಬಾಯಿ ತುಂಬ ನಕ್ಕಳು. "ಬನ್ನಿ ಬೀಗ್ರೇ. ಎಲ್ಲಾ ಮರ್ತು ಬಂದ್ರಲ್ಲ, ದೊಡ್ಡ ಮನಸ್ಸು ಕಣ್ರೀ ನಿಮ್ದು."

"ಮರೆಯೋದೆಂಗೆ ಬುಡಿ," ಎಂದು ಸಣ್ಣತಾಯಮ್ಮನೂ ನಕ್ಕಳು.

ಸವಿತಾಳಿಗೆ ಆಗತಾನೇ ಎರೆದು, ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿಯಿಟ್ಟು ಮಲಗಿಸಿದ್ದರು. ಅದೇ ಕೋಣೆ, ಅದೇ ಮಂಚ, ಕಿಟಕಿಯಲ್ಲಿ ಅಂಥದ್ದೇ ಗೋಣಿತಾಟು. ನಾಗರಾಜು ಬ್ಯಾರನ್ನಿನಿಂದ ಕೆಂಡದ ಬಾಂಡಲಿ ಹೊತ್ತು ತಂದು ಮಂಚದಡಿ ತಳ್ಳಿದ. ಅತ್ತೆಯನ್ನು ಕಂಡು ತಲೆ ತಗ್ಗಿಸಿ ಬ್ಯಾರನ್ನಿಗೆ ಹಿಂದಿರುಗಿದ. ಸಣ್ಣತಾಯಮ್ಮ ಪೆಟ್ಟಿಗೆಯನ್ನು ತೆಗೆದು ತಲೆದೆಸೆಯ ಗೋಡೆಯಲ್ಲಿದ್ದ ಮೊಳೆಗೆ ನೇತುಹಾಕಿದಳು.

"ಏನ್ರೀ ಅದು?" ಎಂದಳು ಪುಟ್ಟಮಲ್ಲಮ್ಮ.

"ಸೊಳ್ಳೆ ಮಿಷನ್ನು. ಮಗೀಗೆ."

"ಸರಿ ಬುಡಿ. ಒಗೆ ಬರೋ ಬತ್ತಿ ನಾನು ಅಚ್ಚಾಕಿಲ್ಲ. ನಮ್ಮ ಬ್ಯಾರನ್ ಕೆಂಡ ನೋಡಿ, ಒಂದೆಳೆ ಒಗೆ ಇಲ್ಲ. ಒಗೆ ಜೊತೇಲೇ ಬದುಕೋರು ಕಣ್ರೀ ನಾವು, ನಮಗ್ಯಾರೂ ಯೋಳ್ಕೊಡ್ಬೇಕಾಗಿಲ್ಲ."

ಹೊಗೆಯಿಲ್ಲದ ಕೆಂಡವೇ ಒಳ್ಳೆಯ ಕೆಂಡವೆಂದು ಆ ಮನೆ ನಂಬಿತ್ತು. ದಿನವೂ ಹೊಗೆ ಕುಡಿದು ಬದುಕಿದವರಿಗೆ ಕಾಣದ ಶತ್ರುವಿನ ಅಂಜಿಕೆಯೇ ಇರಲಿಲ್ಲ. ಬಾಗಿಲು ಮುಚ್ಚಿತು. ಸಣ್ಣತಾಯಮ್ಮ ಪಡಸಾಲೆಯಲ್ಲಿ ಆ ಬಾಗಿಲಿಗೆದುರಾಗಿ ಕೂತು ಹೆಂಗಸರ ಜೊತೆ ವೀಳ್ಯದೆಲೆ ಒರೆಸತೊಡಗಿದಳು.

ಅವಳ ಲೆಕ್ಕ ಇಷ್ಟೇ. ಅನ್ನ ಬೇಯುವಷ್ಟು ಹೊತ್ತು ಸುಮ್ಮನಿದ್ದರೆ ಪೆಟ್ಟಿಗೆ ತಾನಾಗಿ ಅರಚುತ್ತದೆ, ಊರ ಹೆಂಗಸರೆಲ್ಲ ಕೇಳುತ್ತಾರೆ, ಆಗ ತಾನು ಎದ್ದು ನಿಂತು ಮಗಳ ಮೂರ್ಛೆ ರೋಗ ಯಾವುದೆಂದು ತೋರಿಸಬಹುದು. ಆದರೆ ಅಷ್ಟೂ ಹೊತ್ತು ಒಳಗಿನ ತಾಯಿ ಮಗು ಅದೇ ಗಾಳಿ ಕುಡಿಯಬೇಕು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕೂತಳು. ಹೊತ್ತಿಗೆ ಮೊದಲು ಬಾಗಿಲು ತೆಗೆದರೆ ಪೆಟ್ಟಿಗೆ ಬಾಯಿ ಬಿಡುವುದಿಲ್ಲ, ತಾನು ಮತ್ತೆ ರೋಗದ ಮಗಳನ್ನು ಕಟ್ಟಿದವಳಾಗಿಯೇ ಊರಿಗೆ ಹಿಂದಿರುಗಬೇಕು. ಇವಳ ಮಗಳೂ ಒಂಚೂರು ನರಳಲಿ ಎಂದು ಅವಳ ಮನಸ್ಸು ಹೇಳಿತು. ಹೇಳಿದ್ದನ್ನು ಅವಳು ಅಲ್ಲಗಳೆಯಲಿಲ್ಲ.

ಒಳಗೆ ಸವಿತಾ ಮಗುವಿಗೆ ಜೋ ಜೋ ಎನ್ನುತ್ತಿದ್ದದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ದನಿ ಎಳೆದೆಳೆದು ಬಂತು.

"ಅವ್ವ, ತಲೆ ಸಿಡೀತದೆ," ಎಂದಳು ಸವಿತಾ ಒಳಗಿನಿಂದ.

"ಎರೆದ್ಕೊಂಡಿದ್ದೀಯಲ್ಲ, ಅಂಗೇಯ. ಕಣ್ಮುಚ್ಚಿ ಮಲ್ಕೊ," ಎಂದಳು ಪುಟ್ಟಮಲ್ಲಮ್ಮ.

ಆಮೇಲೆ ಜೋ ಜೋ ಕೇಳಿಸಲಿಲ್ಲ. ಅಳುತ್ತಿದ್ದ ಮಗುವೂ ಸುಮ್ಮನಾಯಿತು. ಸಣ್ಣತಾಯಮ್ಮನ ಕೈಯಲ್ಲಿದ್ದ ವೀಳ್ಯದೆಲೆ ಹರಿಯಿತು. ಇನ್ನೊಂಚೂರು, ಇನ್ನೊಂದೇ ಚೂರು ತಡೆದುಕೋ ಎಂದಿತು ಸಿಟ್ಟು. ಆದರೆ ಅವಳ ಕಾಲು ಸಿಟ್ಟಿನ ಮಾತು ಕೇಳಲಿಲ್ಲ. ಇಂದ್ರಾಣಿಯೂ ಹೀಗೇ ಸುಮ್ಮನಾಗಿದ್ದಳು. ಆಗ ಬಾಗಿಲ ಹೊರಗೆ ಕೂತಿದ್ದವರು ಯಾರೂ ಏಳಲಿಲ್ಲ.

ಅವಳು ಎದ್ದು ಬಾಗಿಲು ನೂಕಿ ಒಳಗೆ ನುಗ್ಗಿದಳು. ಮಗುವನ್ನು ಎದೆಗವುಚಿಕೊಂಡು, ತೂಗಡಿಸುತ್ತಿದ್ದ ಸವಿತಾಳ ರಟ್ಟೆ ಹಿಡಿದು ದರದರನೆ ಪಡಸಾಲೆ ದಾಟಿಸಿ ಅಂಗಳಕ್ಕೆ ತಂದಳು. ಗೋಡೆಯ ಪೆಟ್ಟಿಗೆ ಹಸಿರು ದೀಪ ಮಿನುಗಿಸುತ್ತ ತೆಪ್ಪಗಿತ್ತು.

ಮನೆಯೇ ಮೇಲೆದ್ದಿತು. ಹಸಿ ಬಾಣಂತಿಯನ್ನು ಗಾಳಿಗೆ ಎಳೆದು ತಂದಳಲ್ಲ ಎಂದು ಹೆಂಗಸರು ಬಾಯಿ ಬಡಿದುಕೊಂಡರು. ಪುಟ್ಟಮಲ್ಲಮ್ಮನ ಬಾಯಲ್ಲಿದ್ದ ಬೆಲ್ಲವೆಲ್ಲ ಕರಗಿಹೋಯಿತು. "ತನ್ನ ಮಗಳನ್ನ ತಿಂದ್ಕೊಂಡ್ಳು, ಈಗ ನನ್ನ ಮಗಳ ಮೇಲೆ ಕಣ್ಣಾಕಾಕೆ ಬಂದವ್ಳೆ. ಮೂರ್ಛೆ ರೋಗದ ವಂಶ ಕಣ್ರಮ್ಮ ಇವ್ರದು, ತಲೆ ನೆಟ್ಟಗಿಲ್ಲ." ಹಾಗೆನ್ನುತ್ತಲೇ ಒಳಗೆ ಓಡಿ, ಬಿಸಿ ಆರಿಹೋಗಬಾರದೆಂದು ಖಾಲಿ ಕೋಣೆಯ ಬಾಗಿಲನ್ನು ತಾನೇ ಎಳೆದು ಭದ್ರವಾಗಿ ಮುಚ್ಚಿದಳು. ಕೆಂಡ ಒಳಗೇ ಇತ್ತು.

ಸಣ್ಣತಾಯಮ್ಮ ಮಗುವಿನ ಬೆನ್ನು ಸವರುತ್ತ ನಿಂತಳು. ಗಾಳಿ ತಾಗಿದ ಮೇಲೆ ಅದು ಕೈಕಾಲು ಬಡಿದು ಕಿರುಚಿತು. ಸವಿತಾ ಕಟ್ಟೆಯ ಮೇಲೆ ಕೂತು ವಾಂತಿ ಮಾಡಿಕೊಂಡು ದೀರ್ಘವಾಗಿ ಉಸಿರೆಳೆದಳು. ಸೋತೆ ಎಂದುಕೊಂಡಳು ಸಣ್ಣತಾಯಮ್ಮ. ಬೈಗುಳ ಮುಂದುವರಿಯುತ್ತಲೇ ಇತ್ತು. ತವರು, ಜಾತಕ, ನಡತೆ, ಯಾವುದನ್ನೂ ಪುಟ್ಟಮಲ್ಲಮ್ಮ ಬಿಡಲಿಲ್ಲ. ಆರತಿ ತಟ್ಟೆ ಹಿಡಿದಿದ್ದ ಹೆಂಗಸೂ ಅದನ್ನು ಕೆಳಗಿಟ್ಟು ಕೇಳುತ್ತ ಕೂತಳು.

ಆಗ ಮುಚ್ಚಿದ ಕೋಣೆಯೊಳಗಿನಿಂದ ಅದು ಅರಚಿತು.

ಮನೆಯೊಳಗೆ ಯಾರೋ ಜೀವ ಹೋಗುವಂತೆ ಕೂಗಿಕೊಂಡ ಹಾಗೆ, ನಿಂತು ನಿಂತು, ಬಿಡದೆ. ಬ್ಯಾರನ್ನಿನಿಂದ ನಾಗರಾಜು ಓಡಿಬಂದ. ಹೆಂಗಸರು ಗೋಡೆಗೆ ಒರಗಿದರು. ಒಳಗೆ ನರಪಿಳ್ಳೆಯೂ ಇರಲಿಲ್ಲ.

"ಏನದು?" ಎಂದಳು ಪುಟ್ಟಮಲ್ಲಮ್ಮ.

"ನನ್ನ ಮಗಳ ಮೂರ್ಛೆ ರೋಗ," ಎಂದಳು ಸಣ್ಣತಾಯಮ್ಮ. "ಅದು ಸೊಳ್ಳೆ ಮಿಷನ್ನಲ್ಲ. ಕೆಂಡದಲ್ಲಿ ಒಂದು ವಿಷ್ದ ಗಾಳಿ ಐತೆ, ಕಣ್ಗೆ ಕಾಣಾಕಿಲ್ಲ. ಅದು ಬಂದ್ರೆ ಇದು ಕೂಗ್ತದೆ. ಈಗ ಒಳಗೆ ಯಾರವ್ರೆ ಯೋಳಿ. ಯಾರಿಗೆ ಮೂರ್ಛೆ ಬಂತು? ಯಾರು ಕೂಸಿನ ಮೇಲೆ ಒರಳಿದ್ರು?"

ನಾಗರಾಜು ಬಾಗಿಲ ಕಡೆ ನೋಡಿದ, ಮಸಿ ಹಿಡಿದ ತನ್ನ ಕೈ ನೋಡಿಕೊಂಡ. "ಅವತ್ತೂ ಕೆಂಡ ನಾನೇ ತಂದಿಟ್ಟಿದ್ದೆ," ಎಂದ. ಹಾಗೆಯೇ ಅಂಗಳದಲ್ಲಿ ಕೂತುಬಿಟ್ಟ.

ಸವಿತಾ ತಾಯಿಯನ್ನೇ ನೋಡುತ್ತಿದ್ದಳು. "ಅತ್ತಿಗೆಗೂ ಇಂಗೇ ತಲೆ ಸಿಡೀತಾ ಇತ್ತಲ್ಲವ್ವ? ಬಾಗ್ಲು ತಗೀರಿ ಅಂತ ಕೂಗ್ತಿತ್ತಲ್ಲ, ನೀನು ಮಲ್ಕೊ ಅಂದೆ. ನಾನೂ ಇಲ್ಲೇ ಇದ್ದೆ." ಅವಳು ಸೆರಗಿನಿಂದ ಬಾಯೊರೆಸಿಕೊಂಡಳು. "ಈಗ ನಿಜ ಅನ್ನು. ಅನ್ನದಿದ್ರೆ ನಾನೂ ನನ್ನ ಮಗೂನೂ ಈ ಒಸ್ಲು ತುಳಿಯಾಕಿಲ್ಲ."

ಪುಟ್ಟಮಲ್ಲಮ್ಮ ಸುತ್ತ ನೋಡಿದಳು. ಮೂರು ವರ್ಷ ಅವಳ ಮಾತಿಗೆ ತಲೆಯಾಡಿಸಿದ್ದ ಹೆಂಗಸರಲ್ಲಿ ಒಬ್ಬರೂ ಈಗ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ. ಅವಳ ತುಟಿ ಅಲುಗಿತು. "ಇಂದ್ರಾಣಿಗೆ ರೋಗ ಇರ್ನಿಲ್ಲ."

"ಕೇಳುಸ್ನಿಲ್ಲ," ಎಂದಳು ಸಣ್ಣತಾಯಮ್ಮ. "ನನ್ನ ಮಗಳು ಕೂಗ್ತಾವ್ಳೆ, ಸದ್ದು ಜಾಸ್ತಿ. ಬೀದಿಗೆ ಕೇಳೋ ಅಂಗೆ ಅನ್ನಿ. ಅವತ್ತು ಸುಳ್ಳು ಯೋಳಿದ್ದು ಬೀದೀಲೇ ಅಲ್ವಾ?"

ಪುಟ್ಟಮಲ್ಲಮ್ಮ ಅರಚುವ ಪೆಟ್ಟಿಗೆಯ ಮೇಲೆ ತಾನೂ ಅರಚಿದಳು. "ಇಂದ್ರಾಣಿಗೆ ರೋಗ ಇರ್ನಿಲ್ಲ ಕಣ್ರಮ್ಮ. ನಾನೇ ಕಟ್ಟಿ ಯೋಳಿದ್ದು." ಬೇಲಿಯಾಚೆ ನಿಂತಿದ್ದವರೂ ಕೇಳಿಸಿಕೊಂಡರು. ಸಣ್ಣತಾಯಮ್ಮನ ಎದೆ ತಂಪಾಯಿತು, ಸುಳ್ಳೇಕೆ ಹೇಳಬೇಕು.

ನಾಗರಾಜು ಎದ್ದು ಬಾಗಿಲು ತೆಗೆದು, ಗೋಣಿತಾಟು ಕಿತ್ತೆಸೆದು, ಬಾಂಡಲಿಯನ್ನು ಅಂಗಳಕ್ಕೆ ತಂದು ನೀರು ಸುರಿದ. ಪೆಟ್ಟಿಗೆ ಸುಮ್ಮನಾಯಿತು. ಸಣ್ಣತಾಯಮ್ಮ ಮಗುವಿನ ತಲೆಗೆ ಕುಲಾವಿ ತೊಡಿಸಿ ಸವಿತಾಳ ಮಡಿಲಿಗೆ ಕೊಟ್ಟಳು. ಖಾಲಿ ಚೀಲ ಮಡಚಿ ಕಂಕುಳಿಗೆ ಸಿಕ್ಕಿಸಿ, ಹೊಸ್ತಿಲ ಬಳಿ ಕುಸಿದು ಕೂತಿದ್ದ ಬೀಗಿತಿಯ ಮುಂದೆ ನಿಂತಳು.

"ಮಿಷನ್ನ ಕೀಳಬ್ಯಾಡಿ ಬೀಗ್ರೇ. ಅದರ ಬ್ಯಾಟ್ರಿ ಅತ್ತು ವರ್ಸ ಬತ್ತದಂತೆ. ಇನ್ಮ್ಯಾಲೆ ನೀವು ಬಾಗ್ಲಾಕ್ಕೊಂಡು ಕೆಂಡ ಇಟ್ಟಾಗೆಲ್ಲ ನನ್ನ ಮಗಳು ಕೂಗ್ತಾಳೆ. ಆಗ ಎದ್ದೋಗಿ ಬಾಗ್ಲು ತಗೀರಿ."