ಹೋಟೆಲಿನ ರಟ್ಟಿನ ಪೆಟ್ಟಿಗೆಗಳು

ಹೊಸ ಮನೆಯಲ್ಲಿ ಉಮಾವತಿಗೆ ಬೇಕಿದ್ದದ್ದು ಒಂದೇ ಒಂದು: ಜಿರಳೆಯಿಲ್ಲದ ಅಡುಗೆಮನೆ. ಬಾಲ್ಕನಿ ಇಲ್ಲದಿದ್ದರೂ ನಡೆದೀತು. ಡೊಂಬಿವಲಿಯಲ್ಲಿ ಗಂಡ ಭುಜಂಗನ ಹೋಟೆಲಿನ ಹಿಂದಿದ್ದ ಎರಡು ಕೋಣೆಗಳಲ್ಲಿ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು ಅವಳು. ಹಾಲಿನ ಪಾತ್ರೆಯಲ್ಲಿ ಜಿರಳೆ, ಮಗಳ ಕಂಪಾಸು ಪೆಟ್ಟಿಗೆಯಲ್ಲಿ ಜಿರಳೆ. ಒಮ್ಮೆಯಂತೂ ಸತ್ಯನಾರಾಯಣ ಪೂಜೆಯ ಪ್ರಸಾದದ ಮೇಲೆಯೇ ಒಂದು ಮೀಸೆ ಆಡಿಸುತ್ತ ಕೂತಿತ್ತು.

ಘಣಸೋಲಿಯ ಈ ಹೊಸ ಫ್ಲ್ಯಾಟು ನಿಕ್ಕಿಯಾದ ದಿನವೇ, "ಸಾಮಾನು ತುಂಬಿಸ್ಲಿಕ್ಕೆ ಹೊಸ ಬಾಕ್ಸ್ ತನ್ನಿ ಮಾರಾಯ್ರೆ" ಎಂದು ಗಂಡನಿಗೆ ಹತ್ತು ಸಲ ಹೇಳಿದ್ದಳು. ಅವಳು ತಂಗಿ ಜಯಲತಾಳ ಮಗಳ ಮದುವೆಗೆಂದು ಉಡುಪಿಗೆ ಹೋದ ನಾಲ್ಕೇ ದಿನದಲ್ಲಿ ಆ ಪುಣ್ಯಾತ್ಮ ಎಲ್ಲವನ್ನೂ ತಾನೇ ಕಟ್ಟಿ ಸಾಗಿಸಿಬಿಟ್ಟ.

ಈಗ ಬಾಗಿಲು ತೆಗೆದರೆ ಹಾಲ್ ತುಂಬ ಹೋಟೆಲಿನ ಗೋಡೌನಿನ ಪೆಟ್ಟಿಗೆಗಳು. ಎಣ್ಣೆಯವು, ಹಪ್ಪಳದವು, ಡಾಲ್ಡಾದವು. ಜಿಡ್ಡು ಹಿಡಿದು, ಹಳಸಿದ ಸಾಂಬಾರಿನ ನಾತ ಹೊಡೆಯುವವು. ರಟ್ಟಿನ ಪೆಟ್ಟಿಗೆಯನ್ನು ದುಡ್ಡು ಕೊಟ್ಟು ಕೊಳ್ಳುವ ಹೋಟೆಲಿನವನು ಇನ್ನೂ ಹುಟ್ಟಿಲ್ಲ, ಬಿಡಿ!

"ಇದೆಂತದು?"

"ಎಂತ ಆಯ್ತು? ಒಳ್ಳೆ ಗಟ್ಟಿ ಬಾಕ್ಸ್. ಸುಮ್ನೆ ಬಿದ್ದಿತ್ತು," ಎಂದ ಭುಜಂಗ.

ಮೊದಲ ಪೆಟ್ಟಿಗೆ ಬಿಚ್ಚಿದಳು. ರಟ್ಟಿನ ಮಡಿಕೆಯುದ್ದಕ್ಕೂ ಕಂದು ಮೊಟ್ಟೆಗಳು ಅಂಟಿಕೊಂಡಿದ್ದವು. ಒಳಗೆ ಇಡ್ಲಿ ತಟ್ಟೆ. ಒಂದೊಂದು ಗುಳಿಯಲ್ಲೂ ಒಂದೊಂದು ಜಿರಳೆ, ಬಡಿಸಿಟ್ಟಂತೆ. ಎರಡು ಸತ್ತಿದ್ದವು, ಉಳಿದವು ಅವಳ ಮೊಣಕೈಯವರೆಗೆ ಹತ್ತಿದವು.

"ಶೀ! ಥೂ!" ಕೈ ಕೊಡವಿ ಕೂಗಿದಳು. "ಎಲ್ಲ ಹೊರಗೆ ಹಾಕಿ! ಪ್ಯಾಸೇಜಿಗೆ!"

"ಒಂದೆರಡು ಜಿರಳೆಗೆ ಇಷ್ಟು ರಂಪವಾ?"

"ಒಂದೆರಡಾ? ಕೋತಿ ತಾನು ಕೆಟ್ಟದ್ದಲ್ಲದೆ ವನವನ್ನೂ ಕೆಡಿಸಿತಂತೆ! ಅಲ್ಲಿ ಸಾಕಿದ್ದು ಸಾಲ್ಲಿಲ್ಲಾಂತ ಮಕ್ಕಳುಮರಿ ಸಮೇತ ಕರ್ಕೊಂಡು ಬಂದಿದ್ದೀರಲ್ಲ, ನಿಮ್ಮ ತಲೆಯಲ್ಲಿ ಎಂತ ಉಂಟು?"

ಭುಜಂಗ ಗೊಣಗುತ್ತಲೇ ಹೊತ್ತ. ಅವಳು ಬರಿಗಾಲಲ್ಲಿ ಪ್ಯಾಸೇಜಿನಲ್ಲಿ ನಿಂತು ಒಂದೊಂದು ಪಾತ್ರೆಯನ್ನೂ ಕೊಡವಿ, ಒರೆಸಿ, ಒಳಗೆ ಕೊಡತೊಡಗಿದಳು. ಏಳನೆಯ ಪೆಟ್ಟಿಗೆಯ ಹೊತ್ತಿಗೆ ಎದುರುಮನೆಯ ಬಾಗಿಲು ತೆರೆಯಿತು. ಅದೇ ಗಳಿಗೆಗೆ ದಪ್ಪನೆಯದೊಂದು ಜಿರಳೆ ಹಾರಿ ಆ ಹೊಸ್ತಿಲಿನತ್ತಲೇ ಓಡಿತು.

ಉಮಾವತಿ ಯೋಚಿಸಲಿಲ್ಲ. ಬರಿ ಹಿಮ್ಮಡಿಯಿಂದ ತುಳಿದೇ ಬಿಟ್ಟಳು. ಚಟ್ ಎಂದಿತು. ತಣ್ಣಗೆ ಏನೋ ಅಂಟಂಟಾಗಿ ಕಾಲಿಗೆ ಮೆತ್ತಿತು. ಕತ್ತೆತ್ತಿ ನಕ್ಕಳು.

ಎದುರಿಗೆ ತಾಟಿನಲ್ಲಿ ಶೇಂಗಾ ಹೋಳಿಗೆ ಹಿಡಿದ ವಯಸ್ಸಾದ ಹೆಂಗಸು. "ನಾ ಚಂದ್ರಬಾಯಿ ರೀ, ವಿಜಯಪುರ ಕಡೇದಾಕಿ. ಕನ್ನಡದವ್ರು ಬಂದಾರ ಅಂತ ವಾಚ್‌ಮನ್ ಹೇಳಿದ, ಭಾಳ ಖುಷಿ ಆತು ನೋಡ್ರಿ. ಹೋಟೆಲ್‌ನವ್ರಂತ?"

ಹೋಟೆಲಿನವರು ಎಂದರೆ ಜಿರಳೆಯವರು ಎಂದೇ ಉಮಾವತಿಗೆ ಕೇಳಿಸಿತು. "ಹೌದು," ಎಂದಳು. ಹಿಮ್ಮಡಿಯ ಕೆಳಗೆ ಜಿರಳೆಯ ಒಂದು ಕಾಲು ಇನ್ನೂ ಅದುರುತ್ತಿತ್ತು.

"ಅಡಿಗಿಮನಿ ತೋರಸ್ರಲ್ಲ!"

"ನಾಳೆ ಬನ್ನಿ, ಅಮ್ಮ. ಈಗ ಎಲ್ಲ ಹರಡಿ ಉಂಟು." ಕಾಲು ಕದಲಿಸದೆ ಮತ್ತೆ ನಕ್ಕಳು. ಇನ್ನೊಂದು ಪೆಟ್ಟಿಗೆ ಹೊತ್ತು ಬಂದ ಭುಜಂಗ ಹೆಂಡತಿಯ ನೆಟ್ಟ ಕಾಲನ್ನೂ ಅದರಡಿಯಿಂದ ಇಣುಕಿದ ಮೀಸೆಯನ್ನೂ ಕಂಡ. ಪೆಟ್ಟಿಗೆಯನ್ನು ಹಾಗೆಯೇ ಒಳಗೆ ವಾಪಸು ಒಯ್ದ.

ಉಮಾವತಿ ಚಂದ್ರಬಾಯಿಯ ಕೈಯಿಂದ ತಾಟನ್ನು ತೆಗೆದುಕೊಂಡು ನೆಲದ ಮೇಲಿಡಲು ಬಗ್ಗಿದಳು.

"ಅಯ್ಯ, ಕೆಳಗ ಇಡಬ್ಯಾಡ್ರಿ ಯವ್ವಾ!" ಚಂದ್ರಬಾಯಿ ಹೌಹಾರಿದಳು. "ಈ ಬಿಲ್ಡಿಂಗ್ ತುಂಬ ಜಿರಳಿ ಅವ. ತಿಂಗಳಿಗೊಮ್ಮೆ ಔಷಧ ಹೊಡಸ್ತೀವಿ, ಮತ್ತ ಬರ್ತಾವ. ಹೋದ ತಿಂಗಳ ನಿಮ್ಮ ಖಾಲಿ ಮನಿ ಬಾಗಲ ಕೆಳಗಿಂದನ ಸಾಲಾಗಿ ಹೊಂಟಿದ್ದವು, ಹೇಸಿಗಿ!"

ಉಮಾವತಿಗೆ ಅಲ್ಲೇ ಕೂತು ಅತ್ತುಬಿಡೋಣ ಎನ್ನಿಸಿತು. ಅಳಲಿಲ್ಲ. ನಿಧಾನವಾಗಿ ಹಿಮ್ಮಡಿ ಎತ್ತಿದಳು.

"ಇದೊಂದು ನಮ್ಮದು ಅಮ್ಮ," ಎಂದಳು. "ಡೊಂಬಿವಲಿಯದ್ದು."