ಮಂಟಪದೊಳಗೆ ಹಚ್ಚಿದ ಒಲೆ

ಕಾರ್ತಿಕ ಸೋಮವಾರ ಬಂತೆಂದರೆ ನಮ್ಮ ಗೌರಿಬಿದನೂರು, ಚಿಂತಾಮಣಿ ಕಡೆ ವನಭೋಜನದ ಸಡಗರ. ಬೆಟ್ಟದ ಮೇಲಿನ ಹಳೇ ಕೋಟೆಗೆ ಸೌದೆ, ಪಾತ್ರೆ ಹೊತ್ತು ಹೋಗಿ, ನೆಲ್ಲಿ ಮರದ ಕೆಳಗೆ ಬೇಯಿಸಿ ಉಣ್ಣುವುದು ವಾಡಿಕೆ. ಆ ವರ್ಷ ವೆಂಕಟರವಣಪ್ಪನ ಮನೆಯವರೂ ಹೊರಟರು. ಪಕ್ಕದ ಮನೆಯ ಜಾನಕಮ್ಮನನ್ನೂ ಕರೆದರು. ಆಕೆ ಆಸ್ಪತ್ರೆಯ ನರ್ಸು.

"ಅಣ್ಣಾ, ಸೌದೆ ಬೇಡ. ಪುಳಿಯೋಗರೆ, ಮೊಸರನ್ನ ಮನೇಲೇ ಮಾಡಿ ಡಬ್ಬಿಗೆ ಹಾಕ್ಕೊಂಡು ಹೋಗಣ. ಕೋಟೆ ಮಂಟಪದಲ್ಲಿ ಹೆಜ್ಜೇನು ಕಟ್ಟಿದೆ. ಹೊಗೆ ತಗುಲಿದ್ರೆ ಏಳ್ತವೆ," ಎಂದರು ಆಕೆ.

"ಡಬ್ಬಿ ಅನ್ನ ತಿನ್ನಕ್ಕೆ ಬೆಟ್ಟ ಯಾಕಮ್ಮ ಹತ್ಬೇಕು? ಬಸ್ ಸ್ಟ್ಯಾಂಡಲ್ಲಿ ಕೂತ್ಕೊಂಡು ತಿಂದ್ರಾಯ್ತು!" ಎಂದ ವೆಂಕಟರವಣಪ್ಪ.

ಅವನ ತಾಯಿ ಅಮ್ಮಾಜಮ್ಮ ನಕ್ಕರು. "ಇವ್ನೂ ಇವರಪ್ಪನ ಹಂಗೇ ಕಣೇ ಜಾನಕಿ. ಅನ್ನ ಹಬೆಯಾಡ್ದೆ ಇದ್ರೆ ಎಲೆ ಮುಂದೆ ಕೂರಲ್ಲ."

ಮಂಡಿ ನೋವಿನ ಮುದುಕಿ ಕೋಲೂರಿಕೊಂಡು, ಅಲ್ಲಲ್ಲಿ ಕೂತು, ಹೇಗೋ ಬೆಟ್ಟ ಹತ್ತಿದರು.

ಅನ್ನ ಕುದಿಯುವಾಗ ಸೋನೆ ಹಿಡಿಯಿತು. "ಒಲೆ ಮಂಟಪಕ್ಕೆ ಹಾಕ್ರಪ್ಪ," ಎಂದ ವೆಂಕಟರವಣಪ್ಪ.

"ಬೇಡಣ್ಣ! ಅಲ್ನೋಡಿ, ಮೇಲೆ ಜೇನು ತೂಗ್ತಾ ಇದೆ," ಎಂದರು ಜಾನಕಮ್ಮ.

"ಕಂಬ ನೋಡಮ್ಮ, ಹೆಂಗೆ ಕಪ್ಪಾಗಿದೆ. ಇಲ್ಲಿ ಎಷ್ಟು ಒಲೆ ಉರ್ದಿಲ್ಲ? ಅವರಿಗೆಲ್ಲ ಏನಾಯ್ತು?"

ನೆನೆದ ಸೌದೆ ಉರಿಯಲಿಲ್ಲ, ಹೊಗೆಯಾಡಿತು. ಹೊಗೆ ಸೂರಿಗೆ ಮುಟ್ಟಿದ್ದೇ ತಡ, ಮೇಲಿನಿಂದ ಕಪ್ಪು ಮೋಡ ಕಳಚಿ ಬಿದ್ದಂತಾಯಿತು.

"ತಲೆ ಮುಚ್ಕೊಳ್ರಿ! ಕೈ ಬೀಸ್ಬೇಡಿ, ಓಡ್ರಿ!" ಜಾನಕಮ್ಮ ಕೂಗಿದರು. ಎಲ್ಲರೂ ಓಡಿದರು. ವೆಂಕಟರವಣಪ್ಪನೂ ಓಡಿದ.

ಅಮ್ಮಾಜಮ್ಮನಿಗೆ ಏಳಲಾಗಲಿಲ್ಲ. ಪಕ್ಕದಲ್ಲಿ ಮೊಮ್ಮಗಳು ಸಂಹಿತಾ ಮಲಗಿದ್ದಳು. ಊಟಕ್ಕೆಂದು ಹಾಸಿದ್ದ ಜಮಖಾನವನ್ನೇ ಮಗುವಿಗೆ ಹೊದಿಸಿ, ಅದರ ಮೇಲೆ ಬಗ್ಗಿ ಕೂತರು.

ಹುಳ ಚದುರಿದ ಮೇಲೆ ಹೋಗಿ ನೋಡಿದರೆ ಜಮಖಾನದ ಒಳಗೆ ಮಗು ಅಳುತ್ತಿತ್ತು, ಏನೂ ಆಗಿರಲಿಲ್ಲ. ಅಜ್ಜಿಯ ಮುಖದ ಗುರುತು ಹತ್ತಲಿಲ್ಲ. ಚಿಕ್ಕಬಳ್ಳಾಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತು.

"ನಾನು ಓಡ್ಬಿಟ್ಟೆ ಜಾನಕಮ್ಮ. ಅಮ್ಮನ್ನ ಬಿಟ್ಟು ಓಡ್ಬಿಟ್ಟೆ," ಎಂದ ವೆಂಕಟರವಣಪ್ಪ. ತಿಥಿಯ ದಿನವೂ ಅದನ್ನೇ ಹೇಳುತ್ತಿದ್ದ.

ಮರುವರ್ಷ ಕಾರ್ತಿಕದಲ್ಲಿ ಅವನ ಮನೆಯಲ್ಲಿ ಡಬ್ಬಿ ಕಟ್ಟಿದರು. ಬೆಟ್ಟದ ಬುಡದಲ್ಲಿ ಒಂದು ಟೆಂಪೋದಿಂದ ಸೌದೆ ಇಳಿಯುತ್ತಿತ್ತು. ಅವನು ಹೋಗಿ, "ಮೇಲೆ ಒಲೆ ಹಚ್ಬೇಡಿ ಸ್ವಾಮಿ," ಎಂದ.

"ಯಾಕೆ, ಕೋಟೆ ನಿಮ್ಮಪ್ಪಂದಾ?" ಎಂದನೊಬ್ಬ.

"ಅಲ್ಲ. ನಮ್ಮಮ್ಮ ಕೂತಲ್ಲೇ ಜೇನು ಕಡ್ಸ್ಕೊಂಡ ಜಾಗ. ಉಳೀಲಿಲ್ಲ."

ಅವರು ಸೌದೆಯನ್ನು ಮತ್ತೆ ಟೆಂಪೋಗೆ ಹಾಕಿದರು. ವೆಂಕಟರವಣಪ್ಪ ತಲೆಯೆತ್ತಿ ನೋಡಿದ. ಮೊದಲೇ ಹತ್ತಿದ್ದವರು ಯಾರೋ; ಮಂಟಪದ ಕಡೆ ಹೊಗೆ ಏಳುತ್ತಿತ್ತು. ಡಬ್ಬಿ ಅಲ್ಲೇ ಬಿಟ್ಟು, ತಲೆಗೆ ಟವೆಲು ಸುತ್ತಿಕೊಂಡು, ಕೂಗುತ್ತಾ ಮೆಟ್ಟಿಲು ಹತ್ತತೊಡಗಿದ.

ಓದುವವರೇ, ಒಬ್ಬ ಮನುಷ್ಯ ಎಷ್ಟು ಸಲ ಬೆಟ್ಟ ಹತ್ತಿಯಾನು? ಕೋಟೆಗೆ ಹೋಗಿ, ಆದರೆ ಅಡುಗೆಯನ್ನು ಮನೆಯಲ್ಲೇ ಮಾಡಿಕೊಂಡು ಹೋಗಿ. ಜೇನು ಕಂಡರೆ ದೂರ ಕೂತು ಉಣ್ಣಿ, ಎಂಜಲೆಲೆ, ಕವರು ವಾಪಸು ತನ್ನಿ. ಹುಳ ಕಡಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇಷ್ಟಾದರೂ ಬಿಸಿ ಅನ್ನವೇ ಬೇಕು ಎನಿಸಿದರೆ, ಕಡ್ಡಿ ಗೀರುವ ಮೊದಲು ನಿಮ್ಮ ಜೊತೆ ಬಂದವರನ್ನು ಒಮ್ಮೆ ನೋಡಿ. ಅವರಲ್ಲಿ ಓಡಲಾರದವರು ಯಾರು?