ನಡುವಿನವಳ ಪಾಲು

"ಅದೇ ಹಡಗಲ್ವಾ ಸಾಹೇಬ್ರೇ?"

ಸರ್ವರಿ ಬೀಬಿ ಗೋಡೆಯ ಮೇಲಿನ ಟೀವಿಯಿಂದ ಕಣ್ಣು ತೆಗೆಯದೆ ಕೇಳಿದಳು. ಇಸ್ಲಾಮಾಬಾದಿನ ವಿಮಾನ ನಿಲ್ದಾಣದಲ್ಲಿ ಮೂವರು ಅಮೆರಿಕನ್ನರು ಮೆಟ್ಟಿಲಿಳಿಯುತ್ತಿದ್ದರು. ಅವರ ಹೆಗಲಿಗೆ ಯಾರೋ ಅಜ್ರಕ್ ಶಾಲು ಹೊದಿಸಿದ್ದರು. ಇರಾನಿನವರು ಹಿಡಿದಿಟ್ಟಿದ್ದ ಹಡಗಿನ ಜನ. ಪಾಕಿಸ್ತಾನದ ಸರ್ಕಾರ ನಡುವೆ ನಿಂತು ಬಿಡಿಸಿಕೊಂಡು ಬಂದಿತ್ತು. 'ಲೋಕವೇ ಮೆಚ್ಚಿದ ಮಧ್ಯಸ್ಥಿಕೆ' ಎಂಬ ಅಕ್ಷರಗಳು ಕೆಳಗೆ ಓಡುತ್ತಿದ್ದವು. ಸೊಸೆ ನಾಹೀದ್ ಮಾತ್ರ ಅವರ ಹಿಂದಿನ ವಿಮಾನದ ಬಾಗಿಲನ್ನೇ ನೋಡುತ್ತಿದ್ದಳು. ಬಾಗಿಲು ಮುಚ್ಚಿಕೊಂಡಿತು. ಅದೇ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಅವಳ ಗಂಡ ಶಕೂರ್ ಇಳಿಯಲೇ ಇಲ್ಲ.

"ಅದೇ ಹಡಗು ಅಮ್ಮಾ," ಎಂದು ಮೇಜಿನಾಚೆಯ ವಿದೇಶಾಂಗ ಇಲಾಖೆಯ ಅಧಿಕಾರಿ ಹಮ್ದಾನಿ ಚಹಾದ ಕಪ್ಪನ್ನು ಮುಂದೆ ಸರಿಸಿದ. "ತಗೊಳ್ಳಿ. ಇವತ್ತು ದೇಶಕ್ಕೇ ಈದ್ ಇದ್ದ ಹಾಗೆ."

"ಈದ್ ನಿಮಗೆ. ನನ್ನ ಮಗ ಅಲ್ಲಿನ್ನೂ ರೋಜಾ ಉಪವಾಸ ಹಿಡ್ಕೊಂಡು ಕೂತಿದ್ದಾನೆ."

ಅವನು ಕನ್ನಡಕ ತೆಗೆದು ಒರೆಸಿದ. "ನೋಡಿ, ಇಬ್ಬರು ವೈರಿಗಳ ನಡುವೆ ನಿಂತವರು ತಮಗೇಂತ ಏನೂ ಕೇಳಬಾರದು. ಈಗಾಗ್ಲೇ ಅಕ್ಕಪಕ್ಕದ ದೇಶದವರು ಆಡ್ಕೋತಿದ್ದಾರೆ, ಇವರೆಲ್ಲಿಯ ಮಧ್ಯಸ್ಥರು, ಬರೀ ಟಪಾಲು ಹೊರೋರು ಅಂತ. ಇನ್ನೊಂದು ಸುತ್ತು ಮಾತುಕತೆ ಮುಗೀಲಿ."

"ಅಂದ್ರೆ ನೀವು ವಿಚೋಲಾ ಅನ್ನಿ."

ಹಮ್ದಾನಿ ನಕ್ಕುಬಿಟ್ಟ. "ಇದು ಹೆಣ್ಣು ಗಂಡು ಕೂಡಿಸೋ ಮಾತಲ್ಲ, ಅಮ್ಮಾ."

ಆ ನಗು ಸರ್ವರಿ ಬೀಬಿಯ ಮೈಗೆಲ್ಲ ಬೆಂಕಿಯಂತೆ ಹತ್ತಿಕೊಂಡಿತು. ರಾವಲ್ಪಿಂಡಿಯ ಢೋಕ್ ಖಬ್ಬಾದಲ್ಲಿ ಹೆಣ್ಣು ಗಂಡು ಕೂಡಿಸುವ ವಿಚೋಲಾ ಕೆಲಸವೇ ಅವಳ ಕಸುಬು. ಅವಳು ಬಾಯಿ ತೆರೆಯುವ ಮೊದಲು ನಾಹೀದ್ ಕೇಳಿದಳು:

"ಸಾಹೇಬ್ರೇ, ನೀವು ಕೇಳಿ ಇರಾನಿನವರು ಇಲ್ಲ ಅಂದ್ರಾ? ಇಲ್ಲ, ನೀವು ಕೇಳ್ಲೇ ಇಲ್ವಾ?"

ಹಮ್ದಾನಿ ಟೀವಿಯ ಸದ್ದು ತಗ್ಗಿಸಿದ. "ಕೇಳೋ ಸಂದರ್ಭ ಬರ್ಲಿಲ್ಲ, ಬೇಟೀ."

ನಾಹೀದ್ ತಲೆ ತಗ್ಗಿಸಿದಳು. ಗಂಡ ಬರಲಿಲ್ಲ ಎಂಬುದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಇವರು ಕೇಳಲೇ ಇಲ್ಲ ಎಂಬುದನ್ನು ನುಂಗಲಾಗಲಿಲ್ಲ.

"ಕೇಳಿಸ್ಕೋ ಹಮ್ದಾನಿ," ಸರ್ವರಿ ಬೀಬಿ ಎದ್ದು ನಿಂತಳು. ಸಾಹೇಬ ಎಂಬುದು ಅವಳ ಬಾಯಿಂದ ಉದುರಿಹೋಗಿತ್ತು. "ನಿಕಾಹ್ ಮುಗಿದ ಮೇಲೆ ನಾನು ಹುಡುಗಿ ಮನೆಯಿಂದ ಒಂದು ಜೊತೆ ಬಟ್ಟೆ, ಹುಡುಗನ ಮನೆಯಿಂದ ಒಂದು ಜೊತೆ ಬಟ್ಟೆ ಇಸ್ಕೋತೀನಿ. ಎಲ್ಲರ ಎದುರಿಗೆ, ಬಾಯಿಬಿಟ್ಟು ಕೇಳಿ ಇಸ್ಕೋತೀನಿ. ಯಾಕೆ ಗೊತ್ತಾ? ಏನೂ ಬೇಡ ಅಂದ ವಿಚೋಲನನ್ನ ಯಾರೂ ನಂಬಲ್ಲ. ಇವನಿಗೆ ಆ ಕಡೆಯಿಂದ ಒಳಗೊಳಗೇ ಏನೋ ಸಂದಾಯ ಆಗಿದೆ ಅಂತಾರೆ. ಬಟ್ಟೆ ಕೇಳೋಕೆ ನನಗೆ ಬಾಯಿದೆ. ಒಬ್ಬ ಮನುಷ್ಯನನ್ನ ಬಿಟ್ಟುಕೊಡಿ ಅಂತ ಕೇಳೋಕೆ ನಿಮಗೆ ಬಾಯಿ ಬರ್ಲಿಲ್ವಾ? ನೀವೆಲ್ಲ ಏನು ಇಸ್ಕೊಂಡ್ರಿ, ಹೇಳು!"

"ಮೆಲ್ಲಗೆ ಅಮ್ಮಾ, ಮೆಲ್ಲಗೆ. ಹೊರಗೆ ಟೀವಿಯವರಿದ್ದಾರೆ. ದೇಶದ ಮರ್ಯಾದೆ..."

"ನನ್ನ ಮಗ ಯಾವ ದೇಶದವನು?"

ಚಹಾ ಹಾಗೇ ಕೆನೆಗಟ್ಟುತ್ತಿತ್ತು. ಇಬ್ಬರೂ ಹೊರಗೆ ಬಂದರು.

ರಸ್ತೆಗೆ ಅಡ್ಡಲಾಗಿ ಕಂಟೇನರುಗಳನ್ನಿಟ್ಟು ಊರನ್ನು ಮುಚ್ಚಿದ್ದರು. ಮಾತುಕತೆಗೆ ಬಂದ ಅತಿಥಿಗಳ ಕಾರುಗಳಿಗೆಂದು ನಡುವೆ ಒಂದೇ ಒಂದು ಸಂದಿ. ಸರ್ವರಿ ಬೀಬಿ ಅಲ್ಲಿಯವರೆಗೆ ಬಿರಬಿರನೆ ನಡೆದಳು. ಸಂದಿಗೆ ಬಂದವಳು ನಿಂತಳು. ಚಪ್ಪಲಿ ಬಿಟ್ಟು, ಕಾದ ಡಾಂಬರಿನ ಮೇಲೆ ಕೂತೇಬಿಟ್ಟಳು.

"ಖಾಲಾ, ಏನ್ ಮಾಡ್ತಿದ್ದೀರಿ? ಏಳಿ, ಕಾರುಗಳು ಬರ್ತಿವೆ!" ಪೊಲೀಸಿನವನು ಓಡಿಬಂದ. ಮುದುಕಿಯ ಮೈ ಮುಟ್ಟಲಾರದೆ ಲಾಠಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದ.

"ಬರ್ಲಿ ಬಿಡು. ಅವರು ನನ್ನ ಮಗನನ್ನ ಕೇಳ್ಲಿಲ್ವಂತೆ. ನಾನೇ ಕೇಳ್ತೀನಿ."

ನಾಹೀದ್ ಅತ್ತೆಯನ್ನೂ ಪೊಲೀಸಿನವನನ್ನೂ ನೋಡಿದಳು. ಆಮೇಲೆ ಅತ್ತೆಯ ಪಕ್ಕದಲ್ಲಿ ಕಾಲು ಮಡಚಿ ಕೂತು ದುಪಟ್ಟಾ ಸರಿಮಾಡಿಕೊಂಡಳು. ಪೊಲೀಸಿನವನು ವೈರ್‌ಲೆಸ್ಸಿನಲ್ಲಿ ಹೆಂಗಸರ ಪಡೆ ಕಳಿಸಿ ಎಂದು ಕೂಗುತ್ತಿದ್ದ.

ಮೊದಲ ಕಾರು ಹಾರ್ನ್ ಹೊಡೆಯುತ್ತ ಬಂದು, ಅವರ ಮೊಣಕಾಲಿಗೆ ಬಿಸಿ ತಾಗುವಷ್ಟು ಹತ್ತಿರ ನಿಂತಿತು. ಅದರ ಕರಿ ಗಾಜು ಕೆಳಗಿಳಿಯಲಿಲ್ಲ. ಎಂಜಿನ್ನೂ ಆರಲಿಲ್ಲ.